ಮೀನಾಳ ಕಣ್ಣು

ಠಣ್!

ತಲೆಯ ಮೇಲೆ ಕಬ್ಬಿಣದ ರಾಡಿನ ಪೆಟ್ಟು.

ನನ್ನ ತಲೆಯಲ್ಲ... ನನ್ನ ತಲೆಯ ಮೇಲಿದ್ದ ಪೈಪಿನ ತಲೆ!

ನಾನಿದ್ದದ್ದು ನೀರಿನ ಕೆಳಗೆ. ಸ್ಟೀಲಿನ ಡಬ್ಬದೊಳಗೆ. ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಚಿಕೊಂಡು. ಎದುರಿಗೆ ಯಾವುದೋ ಹಳೇ ಕಾರಿನಿಂದ ಕಿತ್ತ ಪುಟ್ಟ ಸ್ಕ್ರೀನ್. ಸ್ಕ್ರೀನಿನ ತುಂಬಾ ಒಂದು ಮೂಗಿನ ಹೊಳ್ಳೆ. ಅದರ ಕೆಳಗೆ ಪೊರಕೆಯಂಥ ಮೀಸೆ.

"ಯಾವನ್ಲಾ ಒಳಗಿರೋನು? ಬಾರ್ಲಾ ಈಚೆಗೆ!"

ಮೀಸೆ ಅಲುಗಿತು. ದನಿ ಪೈಪು ಹಿಡಿದುಕೊಂಡು ಕೆಳಗಿಳಿಯಿತು.

"ಸ್ವಾಮೀ, ಇನ್ನೂ ಕೆಳಗೆ ಇಳಿಸಿ!" ನಾನು ಕಿರುಚಿದೆ.

ಹಿಂದಿನ ಸೀಟಿನಿಂದ ಶಾಂತವಾದ ಉತ್ತರ ಬಂತು. "ಆಗಲ್ಲಮ್ಮ. ಅವನು ಪೈಪು ಹಿಡ್ಕೊಂಡಿದಾನೆ."

"ಹಾಗಾದ್ರೆ ಮೇಲೆ ಎಬ್ಬಿಸಿ!"

"ಮೇಲೆ ಅವನೇ ಇದಾನಲ್ಲಮ್ಮ."

ಲಾಜಿಕ್ ಸರಿಯಾಗಿಯೇ ಇತ್ತು. ತೊಂದರೆ ಅದೇ.

ಠಣ್!

ನನ್ನ ಮೂಗಿನ ಮೇಲೆ ಏನೋ ತಣ್ಣಗೆ ಬಿತ್ತು. ಮುಟ್ಟಿ ನೋಡಿದೆ.

ನೀರು.

ಈಗಲೇ ಒಂದು ವಿಷಯ ಹೇಳಿಬಿಡುತ್ತೇನೆ... ನನಗೆ ಈಜು ಬರುವುದಿಲ್ಲ!

ನಗಬೇಡಿ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ನನ್ನ ಹೆಸರು ಹರಿಪ್ರಿಯಾ. ಮಂಡ್ಯದ ನೂರಡಿ ರಸ್ತೆಯಲ್ಲಿ ಒಂದು ಬೇಕರಿಯ ಮೇಲೆ ನನ್ನ ಆಫೀಸು. ಬೋರ್ಡಿನ ಮೇಲೆ 'ಖಾಸಗಿ ತನಿಖೆ' ಎಂದಿದೆ. ಬರುವವರು ಮಾತ್ರ ಗಂಡು ನೋಡಿದ ಮನೆಯವರೇ. ಹುಡುಗ ಕುಡಿಯುತ್ತಾನಾ? ಇಸ್ಪೀಟು ಉಂಟಾ? ಬೇರೆ ಯಾವಳಾದರೂ ಇದ್ದಾಳಾ? ಹುಡುಗರ ಹಿಂದೆ ಸ್ಕೂಟರಿನಲ್ಲಿ ಅಲೆಯುವುದು, ಅಂಗಿಯ ಗುಂಡಿಯಲ್ಲಿ ಕ್ಯಾಮೆರಾ ಇಟ್ಟು ಫೋಟೋ ತೆಗೆಯುವುದು. ಅದೇ ನನ್ನ ಹೊಟ್ಟೆಪಾಡು.

ಸರಸಮ್ಮ ಬಂದಾಗ ಮಗಳ ಮದುವೆಯ ಕೇಸು ಎಂದುಕೊಂಡೆ. ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಬೆನ್ನು ನೆಟ್ಟಗೆ. ಕುರ್ಚಿಯ ಧೂಳು ತಾವೇ ಒರೆಸಿಕೊಂಡು ಕೂತರು. ನನಗೂ ಬೆನ್ನು ನೆಟ್ಟಗಾಯಿತು.

"ನಮ್ಮೆಜಮಾನ್ರ ವಿಷಯಮ್ಮ. ಕಸ್ತೂರಿರಂಗ ಅಂತ. ಮದ್ದೂರಲ್ಲಿ ಅರ್ಚಕರು."

"ಏನಾಯ್ತು?"

"ಮಧ್ಯಾಹ್ನದ ಮಂಗಳಾರತಿ ಮುಗೀತಿದ್ದ ಹಾಗೆ ಮೊಪೆಡ್ ಹತ್ತಿ ಮಾಯ. ಸಾಯಂಕಾಲ ಬಾಗಿಲು ತೆಗೆಯೋ ಹೊತ್ತಿಗೆ ವಾಪಸ್ಸು."

"ಎಲ್ಲಿಗೆ ಅಂತ ಕೇಳಲಿಲ್ವಾ?"

"ಕೇಳ್ದೆ. ಗಾಳಿ ತಗೊಳೋಕೆ ಅಂದ್ರು. ಗಾಳಿ ತಗೊಂಡು ಬಂದೋರ ಪಂಚೆ ಒದ್ದೆ ಇರುತ್ತೇನಮ್ಮ?"

ಪಾಯಿಂಟು.

ಆಮೇಲೆ ದನಿ ತಗ್ಗಿಸಿದರು. "ಫೋನಲ್ಲಿ ಮಾತಾಡೋದು ಕೇಳಿಸ್ಕೊಂಡೆ. 'ಮೀನಾ ಚೆನ್ನಾಗಿದಾಳೆ. ಮೈಯೆಲ್ಲಾ ಗಟ್ಟಿ. ಕಣ್ಣೊಂದೇ ಇಲ್ಲ, ಕಣ್ಣು ಹಾಕಿಸ್ಬೇಕು' ಅಂತಿದ್ರು."

ನಾನು ಪೆನ್ನು ಕೆಳಗಿಟ್ಟೆ.

"ಪಾಪ, ಕುರುಡಿ ಅಂತ ಕಾಣುತ್ತೆ," ಅಂದರು ಸರಸಮ್ಮ. "ಅದಕ್ಕೇ ನೋಡು, ನನಗೆ ಜೋರಾಗಿ ಜಗಳ ಆಡೋಕೂ ಆಗ್ತಿಲ್ಲ."

ಮರುದಿನವೇ ಹಿಂಬಾಲಿಸಿದೆ. ಅರ್ಚಕರ ಮೊಪೆಡ್ಡು ಮಳವಳ್ಳಿ ರಸ್ತೆ ಹಿಡಿಯಿತು. ಎಷ್ಟು ನಿಧಾನ ಎಂದರೆ, ಅನುಮಾನ ಬರಬಾರದೆಂದು ನಾನು ದಾರಿಯಲ್ಲಿ ಎಳನೀರು ಕುಡಿದು ಮತ್ತೆ ಹಿಡಿದೆ! ಕಬ್ಬಿನ ಗದ್ದೆ ದಾಟಿ ಗಾಡಿಜಾಡಿಗೆ ತಿರುಗಿದರು. ಜಾಡು ಹೋಗಿ ನಿಂತದ್ದು ಒಂದು ಹಳೇ ಕಲ್ಲು ಕ್ವಾರಿಯ ಮುಂದೆ. ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ವರ್ಷಗಟ್ಟಲೆಯ ನೀರು. ಹಸಿರು, ಆಳ, ಸದ್ದಿಲ್ಲ.

ಬಂಡೆಯ ಮರೆಯಲ್ಲಿ ಒಣಗಿದ ಕಬ್ಬಿನ ಸೋಗೆಯ ಗುಡ್ಡೆ. ಅರ್ಚಕರು ಸೋಗೆ ಎಳೆಯತೊಡಗಿದರು. ನಾನು ಹಿಂದಿನಿಂದ ಹೋಗಿ ನಿಂತೆ.

"ಸ್ವಾಮೀ... ಮೀನಾ ಎಲ್ಲಿ?"

ಮನುಷ್ಯ ಹಾರಿಬಿದ್ದರು. ಹಣೆಯ ಮೇಲೆ ನಾಮ, ಕೈಯಲ್ಲಿ ಸ್ಪ್ಯಾನರು.

"ಯಾರಮ್ಮ ನೀನು?"

"ಹರಿಪ್ರಿಯಾ. ಸರಸಮ್ಮನವರು ಕಳಿಸಿದ್ದು. ಮೀನಾ ಎಲ್ಲಿ?"

ಅವರು ಸೋಗೆಯೊಳಗಿಂದ ಇಣುಕುತ್ತಿದ್ದ ಸ್ಟೀಲಿನ ಬೆನ್ನನ್ನು ತಟ್ಟಿದರು. "ಇವಳೇ."

ಸಬ್‌ಮರೀನ್!

ಡೇರಿಯವರು ಗುಜರಿಗೆ ಹಾಕಿದ್ದ ಹಾಲಿನ ಟ್ಯಾಂಕು. ಹಿಂದೆ ಎಲೆಕ್ಟ್ರಿಕ್ ಆಟೋದ ಮೋಟಾರಿಗೆ ಕಟ್ಟಿದ ರೆಕ್ಕೆ. ಪಕ್ಕಗಳಲ್ಲಿ ನೀರು ತುಂಬುವ ಡ್ರಮ್ಮುಗಳು. ತುಂಬಿದರೆ ಮುಳುಗುತ್ತದೆ, ಪಂಕ್ಚರ್ ಅಂಗಡಿಯಿಂದ ತಂದ ಸಿಲಿಂಡರಿನ ಗಾಳಿ ಬಿಟ್ಟು ಆ ನೀರು ಹೊರದಬ್ಬಿದರೆ ಏಳುತ್ತದೆ. ಒಳಗೆ ಇಬ್ಬರು ಕೂರಬಹುದು... ಇಬ್ಬರಿಗೂ ಉಸಿರು ಬಿಗಿಹಿಡಿಯುವ ಅಭ್ಯಾಸ ಇದ್ದರೆ. ಮುಚ್ಚಳ ತೆಗೆದರೆ ಹುಳಿ ಮಜ್ಜಿಗೆಯ ವಾಸನೆ.

"ಯಾಕೆ ಸ್ವಾಮೀ?" ಕೇಳಿದೆ.

"ಚಿಕ್ಕಂದಿನಲ್ಲಿ ಶಿಂಷಾ ಹೊಳೇಲಿ ಮುಳುಗಿ ಕಣ್ಣು ಬಿಟ್ಕೊಂಡು ನೋಡ್ತಿದ್ದೆ. ಅಲ್ಲೊಂದು ಬೇರೆ ಬೆಳಕು ಕಣಮ್ಮ. ಉಸಿರು ಸಾಲ್ತಿರಲಿಲ್ಲ... ಮೇಲೆ ಬರಬೇಕಾಗ್ತಿತ್ತು." ಟ್ಯಾಂಕಿನ ಮೇಲಿದ್ದ ಧೂಳನ್ನು ಅಂಗವಸ್ತ್ರದಲ್ಲಿ ಒರೆಸಿದರು. "ದೇವರ ಮೊದಲನೇ ಅವತಾರವೇ ಮತ್ಸ್ಯ. ಅವನೇ ಅಲ್ಲಿಂದ ಶುರು ಮಾಡಿದಾನೆ. ಅರ್ಚಕ ಹೋದ್ರೆ ತಪ್ಪಾ?"

"ಮನೇಲಿ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಬೇಡ ಅಂತಾಳೆ. ಬೇಡ ಅಂದ್ಮೇಲೆ ಮಾಡಿದ್ರೆ ತಪ್ಪು. ಹೇಳದೇ ಮಾಡಿದ್ರೆ ಬರೀ ಮರೆವು."

ಈ ಮನುಷ್ಯ ವಕೀಲನಾಗಬೇಕಿತ್ತು!

ತೊಂದರೆ ಒಂದೇ. ಮುಳುಗಿದ ಮೇಲೆ ಮೇಲಿನದೇನೂ ಕಾಣುವುದಿಲ್ಲ. ಎರಡು ಸಲ ಬಂಡೆಗೆ ಗುದ್ದಿದ್ದರು. ಪೆರಿಸ್ಕೋಪ್ ಬೇಕು, ನೀರಿನ ಮೇಲೆ ತಲೆ ಎತ್ತಿ ನೋಡುವ ಕಣ್ಣು. ಕನ್ನಡಿಯದ್ದನ್ನು ಮಾಡಿ ನೋಡಿದ್ದರಂತೆ, ಅವರ ಮೂಗೇ ಕಂಡಿತ್ತಂತೆ.

"ಕ್ಯಾಮೆರಾ ಹಾಕೋಣ," ಅಂದೆ. "ಕಣ್ಣಿನ ಕೆಲಸ ನನಗೆ ಬಿಡಿ. ಆದರೆ ಒಂದು ಕಂಡೀಶನ್. ಕಣ್ಣು ಕೂತ ದಿನ ಸರಸಮ್ಮನವರನ್ನ ಇಲ್ಲಿಗೆ ಕರೆಸಬೇಕು. ಅಲ್ಲೀತನಕ ನಾನು ಬಾಯಿ ಬಿಡಲ್ಲ."

ಒಪ್ಪಿದರು. ನಾನು ಸರಸಮ್ಮನಿಗೆ ಫೋನ್ ಮಾಡಿ, "ತನಿಖೆ ಆಳಕ್ಕೆ ಹೋಗ್ತಿದೆ," ಅಂದೆ. ಸುಳ್ಳಲ್ಲವಲ್ಲ!

ಮೊದಲು ವೈಫೈ ಕ್ಯಾಮೆರಾ ಹಾಕಿದೆವು. ಮೀನಾ ಮುಳುಗುತ್ತಿದ್ದ ಹಾಗೆ ಚಿತ್ರ ಮಾಯ. ಸ್ಟೀಲಿನ ಡಬ್ಬಕ್ಕೆ, ಅದರ ಮೇಲಿನ ನೀರಿಗೆ ವೈಫೈ ಗಿಫೈ ಲೆಕ್ಕಕ್ಕಿಲ್ಲ. ವೈರೇ ಬೇಕು.

ಆಮೇಲೆ ಕಾರಿನ ರಿವರ್ಸ್ ಕ್ಯಾಮೆರಾ. ವೈರು ಉದ್ದ, ಗಾತ್ರ ನೆಲ್ಲಿಕಾಯಿಯಷ್ಟು. ಚಿತ್ರ ಬಂತು, ಸ್ಕ್ರೀನಿನ ಮೆಮೊರಿ ಕಾರ್ಡಿಗೂ ಇಳಿಯಿತು. "ಬಲಕ್ಕೆ!" ಅಂದೆ. ಅರ್ಚಕರು ಬಲಕ್ಕೆ ತಿರುಗಿಸಿದರು. ನೆಟ್ಟಗೆ ಬಂಡೆಗೆ ಗುದ್ದಿದೆವು! ರಿವರ್ಸ್ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿ ತೋರಿಸುತ್ತದೆ. ಅದರ ಬಾಲದಲ್ಲೊಂದು ಪುಟ್ಟ ಸುರುಳಿ ವೈರಿತ್ತು. ಕತ್ತರಿಸಿದೆ. ಬಲ ಬಲವಾಯಿತು.

ಕ್ಯಾಮೆರಾ ಎತ್ತಿ ಹಿಡಿಯಲು ಮೆಟ್ಟಿಲ ರೇಲಿಂಗಿನ ಸ್ಟೀಲ್ ಪೈಪು. ತುದಿಗೆ ಸಿಸಿಟಿವಿಯ ಪಾರದರ್ಶಕ ಬುರುಡೆ. ಪೈಪು ತಿರುಗಬೇಕು, ನೀರು ಒಳಗೆ ಬರಬಾರದು. ಮದ್ದೂರಿನ ಲೇತ್ ಅಂಗಡಿಯಲ್ಲಿ ಪೈಪು ತೂರಿಸಲು ಬಳೆಯಂಥ ಬುಷ್ ಕಡೆಸಿ, ಒಳಗೆ ಎರಡು ರಬ್ಬರ್ ರಿಂಗು ಕೂರಿಸಿದೆವು. ಅರ್ಚಕರು ರಿಂಗಿಗೆ ತುಪ್ಪ ಸವರಲು ಹೋದರು.

"ಸ್ವಾಮೀ! ರಬ್ಬರ್ ಊದ್ಕೊಳುತ್ತೆ. ಸಿಲಿಕೋನ್ ಗ್ರೀಸ್ ಹಾಕಿ."

"ನಂದಾದೀಪದ ತುಪ್ಪ ಕಣಮ್ಮ, ಶುದ್ಧ..."

"ಶುದ್ಧವಾಗಿಯೇ ಊದ್ಕೊಳುತ್ತೆ!"

ತಿರುಗಿಸಲು ಪೈಪಿನ ಬುಡಕ್ಕೆ ಹಳೇ ಮೊಪೆಡ್ಡಿನ ಹ್ಯಾಂಡಲ್ಲು. ಸುತ್ತಿಸುತ್ತಲೇ ಇದ್ದರೆ ವೈರು ಹುರಿಯಾಗುತ್ತದೆಂದು, ಒಂದು ಸುತ್ತಿಗೆ ನಿಲ್ಲುವಂತೆ ಬೋಲ್ಟು ಅಡ್ಡ ಇಟ್ಟೆವು. ಕೊನೆಗೆ ಬುರುಡೆಯೊಳಗೆ ಮಂಜು ಕಟ್ಟಿತು. ನನ್ನ ಚಪ್ಪಲಿ ಡಬ್ಬಗಳಲ್ಲಿದ್ದ, ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನೆಲ್ಲ ಒಳಗೆ ತುರುಕಿದೆ. ಮಂಜು ಹೋಯಿತು.

ಕಣ್ಣು ಕೂತಿತು!

ಇದರ ನಡುವೆ ಇನ್ನೊಂದು ಕೇಸು ನನ್ನ ತಲೆ ತಿನ್ನುತ್ತಿತ್ತು. ಕೊಪ್ಪದ ಚಿಕ್ಕಮಾದಮ್ಮ. ಅವರ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಅವರದೊಂದೇ ಅಲ್ಲ... ಸುತ್ತ ಊರುಗಳಲ್ಲಿ ಮೋಟಾರುಗಳು ಮಾಯವಾಗುತ್ತಿದ್ದವು. ಗುಜರಿ ಅಂಗಡಿ, ರಿಪೇರಿ ಶೆಡ್ಡು, ಎಲ್ಲ ಜಾಲಾಡಿದ್ದೆ. ಒಂದೂ ಇಲ್ಲ.

"ನಂದು ಸಿಕ್ಕುದ್ರೆ ಗುರ್ತು ಇಡೀತೀನಿ ಕಣವ್ವ," ಅಂದಿದ್ದರು ಚಿಕ್ಕಮಾದಮ್ಮ. "ಮಗಳ ಉಗ್ರುಬಣ್ಣದಲ್ಲಿ ಚಿ.ಮಾ. ಅಂತ ಬರ್ದಿವ್ನಿ. ಕೆಂಪುಗೆ."

"ಯಾರ ಮೇಲಾದ್ರೂ ಅನುಮಾನ?"

"ಯಾರ್ ಮ್ಯಾಲೆ ಅಂತ ಏಳ್ಲಿ? ಬುಡು. ಬದ್ನೆ ಸಸಿ ಬಾಡ್ತಾ ಕೂತವೆ. ನಾನು ಬಿಂದ್ಗೆಲಿ ಒಯ್ಕಂಡು ಎಷ್ಟಕ್ಕೆ ಉಯ್ಲಿ?"

ಅಂಗೈ ತೋರಿಸಿದರು. ಬಿಂದಿಗೆಯ ಕಂಠ ಉಜ್ಜಿ ಚರ್ಮ ಎದ್ದಿತ್ತು. ನನಗೆ ನಗೆಯಾಡುವ ಮನಸ್ಸಾಗಲಿಲ್ಲ.

ಆ ದಿನ ಜಗಲಿಯ ಮೇಲೆ ಇನ್ನೊಬ್ಬ ಕೂತು ಕಾಫಿ ಕುಡಿಯುತ್ತಿದ್ದ. ಮರಿಸಿದ್ದಯ್ಯ. ಬೋರ್‌ವೆಲ್ ರಿಪೇರಿಯವನು. ಪೊರಕೆಯಂಥ ಮೀಸೆ.

"ಕಳ್ನನ್ ಮಕ್ಳು ಮೇಡಂ," ಅಂದ, ಮೀಸೆಯ ಕಾಫಿ ಒರೆಸಿಕೊಂಡು. "ಸಿಕ್ಕುದ್ರೆ ಬುಡಬ್ಯಾಡಿ!"

ಎಷ್ಟು ಒಳ್ಳೆಯವನು ಅಂದುಕೊಂಡೆ.

ಟ್ರಯಲ್ ದಿನ ಬಂತು. ಅವತ್ತು ಪೂಜೆಯ ಸರದಿ ಅರ್ಚಕರ ತಮ್ಮನದು. ಹಾಗಾಗಿ ಎಂದಿನಂತೆ ಮಧ್ಯಾಹ್ನವಲ್ಲ, ಬೆಳಿಗ್ಗೆಯೇ ಕ್ವಾರಿಗೆ ಹೋದೆವು. ಸರಸಮ್ಮನಿಗೆ ಜಾಗ ಹೇಳಿ, "ಬನ್ನಿ, ಮೀನಾ ಸಿಗ್ತಾಳೆ," ಎಂದು ಫೋನ್ ಮಾಡಿದ್ದೆ.

ಮೀನಾ ಮುಳುಗಿದಳು. ಪೈಪಿನ ತುದಿ ಮಾತ್ರ ನೀರಿನ ಮೇಲೆ, ಒಂದು ಗೇಣು. ಹ್ಯಾಂಡಲ್ ತಿರುಗಿಸಿದೆ. ಬಂಡೆ... ಆಕಾಶ... ಕಬ್ಬು... ಒಂದು ಮಿಂಚುಳ್ಳಿ ಹತ್ತಿರ ಬಂದು ಲೆನ್ಸಿನೊಳಗೆ ಇಣುಕಿತು. ಅರ್ಚಕರು ಹಿಂದಿನಿಂದ ಕತ್ತು ಚಾಚಿ, "ಆಹಾ!" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ನೋಡದವಳಂತೆ ಇನ್ನಷ್ಟು ತಿರುಗಿಸಿದೆ.

ಆಚೆ ದಡದಲ್ಲಿ ಒಂದು ಪಿಕಪ್ ವ್ಯಾನು!

ಹರಿಗೋಲಿನಲ್ಲಿ ಇಬ್ಬರು. ಒಬ್ಬ ಹಗ್ಗ ಎಳೆಯುತ್ತಿದ್ದಾನೆ. ನೀರೊಳಗಿಂದ ಉದ್ದನೆಯ, ಹೊಳೆಯುವ ಕೊಳವೆಯೊಂದು ಎದ್ದು ಬಂತು. ಒಂದಾದ ಮೇಲೆ ಇನ್ನೊಂದು.

ಮೋಟಾರುಗಳು!

ನನ್ನ ತಲೆಯೊಳಗೆ ದೀಪ ಹತ್ತಿತು. ಸಬ್‌ಮರ್ಸಿಬಲ್! ನೀರಿನೊಳಗೆ ಇರುವುದಕ್ಕೇ ಹುಟ್ಟಿದ್ದು. ನೀರಲ್ಲಿ ಬಚ್ಚಿಟ್ಟರೆ ಕೆಡುವುದಿಲ್ಲ, ಯಾರೂ ಹುಡುಕುವುದೂ ಇಲ್ಲ. ಯಾರ ಬೋರಿಗೆ ಎಂಥ ಮೋಟಾರು ಎಂದು ಗೊತ್ತಿರುವವನು ಯಾರು? ಅದನ್ನು ಎತ್ತುವ ಸಾಮಾನು ಇಟ್ಟುಕೊಂಡವನು ಯಾರು?

ಹಗ್ಗ ಎಳೆಯುತ್ತಿದ್ದವನು ಈ ಕಡೆ ತಿರುಗಿದ. ಮೀಸೆ!

"ಮರಿಸಿದ್ದಯ್ಯ..." ಅಂದೆ. ಚಿಕ್ಕಮಾದಮ್ಮನ ಜಗಲಿಯ ಮೇಲಿನ ಕಾಫಿ ಲೋಟ ನೆನಪಾಯಿತು. ಮೈ ಉರಿಯಿತು.

"ಹತ್ತಿರ ಹೋಗಿ ಸ್ವಾಮೀ. ರೆಕಾರ್ಡ್ ಆಗ್ತಿದೆ."

"ಹೋಗಬಹುದಾ?"

"ಅವರಿಗೇನು ಕಾಣುತ್ತೆ? ಒಂದು ಪೈಪು!"

ಹೋದೆವು. ಮೋಟಾರಿನ ಮೈಮೇಲೆ ಕೆಂಪು ಅಕ್ಷರ ಓದುವಷ್ಟು ಹತ್ತಿರ. ಚಿ.ಮಾ.!

ಅದೇ ಕ್ಷಣ ಹರಿಗೋಲಿನ ಇನ್ನೊಬ್ಬ ನಮ್ಮತ್ತ ಬೆರಳು ಮಾಡಿದ. ಮರಿಸಿದ್ದಯ್ಯನ ಕೈಯಾಳು, ತೇಜು ಅಂತ ಆಮೇಲೆ ಗೊತ್ತಾಯಿತು. ಬಾಯಿ ತೆರೆದದ್ದು ಸ್ಪಷ್ಟವಾಗಿ ಕಂಡಿತು.

"ಅಣ್ಣೋ... ಪೈಪು ಓಡಾಡ್ತಾ ಐತೆ!"

ತೇಜು ನೀರಿಗೆ ಹಾರಿ ದಡಕ್ಕೆ ಈಜಿದ. ಮರಿಸಿದ್ದಯ್ಯ ಹರಿಗೋಲನ್ನು ನಮ್ಮತ್ತ ತಿರುಗಿಸಿದ. ಕೈಯಲ್ಲಿ ರಾಡು.

ಉಳಿದದ್ದು ನಿಮಗೆ ಗೊತ್ತು. ಮೂಗಿನ ಹೊಳ್ಳೆ. ಠಣ್. ನನ್ನ ಮೂಗಿನ ಮೇಲೆ ನೀರು.

"ಪೈಪು ಬಗ್ತಾ ಇದೆ," ಅಂದರು ಅರ್ಚಕರು. "ರಿಂಗಿನ ಹತ್ತಿರ ಸಂದು ಬಿಟ್ಟಿದೆ."

ಹನಿ ಈಗ ಧಾರೆಯಾಗಿತ್ತು. ನನ್ನ ದುಪಟ್ಟಾ ಬಿಚ್ಚಿ ಬುಷ್ ಸುತ್ತ ಬಿಗಿದು ಹಿಡಿದೆ. ತಣ್ಣನೆ ನೀರು ತೋಳಿನಿಂದ ಕಂಕುಳಿಗೆ, ಕಂಕುಳಿನಿಂದ ಹೊಟ್ಟೆಗೆ.

"ಓಡ್ಸಿ ಸ್ವಾಮೀ! ಫುಲ್ ಸ್ಪೀಡ್!"

ಅರ್ಚಕರು ಫುಲ್ ಸ್ಪೀಡ್ ಕೊಟ್ಟರು. ಮೀನಾ ನರಳುತ್ತಾ ಮುಂದೆ ಸರಿದಳು. ಮರಿಸಿದ್ದಯ್ಯ ಪೈಪು ಬಿಡಲಿಲ್ಲ. ಹರಿಗೋಲೂ ಹಿಂದೆಯೇ ಬಂತು. ಮಂಡ್ಯ ಜಿಲ್ಲೆ ಕಂಡ ಅತಿ ನಿಧಾನದ ಚೇಸ್ ಅದೇ ಇರಬೇಕು. ದಡದ ಮೇಲೆ ತೇಜು ನಮಗಿಂತ ಜೋರಾಗಿ ನಡೆಯುತ್ತಿದ್ದ!

"ನಿಲ್ಸ್ಲಾ! ನಿನ್ ಮನೆ ಹಾಳಾಗ! ನಿಲ್ಸು!"

ಹ್ಯಾಂಡಲ್ ಹಿಡಿದು ಎಡಕ್ಕೆ ತಿರುಗಿಸಿದೆ. ಮೀಸೆಯ ಜೊತೆ ಹರಿಗೋಲೂ ತಿರುಗಿತು. ಬಲಕ್ಕೆ ತಿರುಗಿಸಿದೆ. ಅದೂ ಬಲಕ್ಕೆ. ಸ್ಕ್ರೀನಿನಲ್ಲಿ ಅವನ ಕಣ್ಣುಗುಡ್ಡೆಗಳು ತೇಲಿದವು. ತಲೆ ಸುತ್ತು ಬಂದಿರಬೇಕು. ಆದರೂ ಕೈ ಬಿಡಲಿಲ್ಲ ಭೂಪ!

ರಾಡು ಎತ್ತಿದ.

ಠಳ್!

ಸ್ಕ್ರೀನ್ ಕಪ್ಪಾಯಿತು.

ಕತ್ತಲು. ಹುಳಿ ಮಜ್ಜಿಗೆಯ ವಾಸನೆ. ಸೊಂಟದ ಹತ್ತಿರ ನೀರು.  

"ಸ್ವಾಮೀ... ನನಗೆ ಈಜು ಬರಲ್ಲ."

 ನನ್ನ ಭುಜದ ಮೇಲೊಂದು ಕೈ ಬಿತ್ತು. "ನನಗೆ ಬರುತ್ತಲ್ಲಮ್ಮ. ಹೆದರಬೇಡ. ನಿನ್ನನ್ನ ಬಿಟ್ಟು ನಾನೊಬ್ನೇ ಹೋಗಲ್ಲ."

ಉಸಿರು ಎಳೆದುಕೊಂಡೆ. ಕಣ್ಣು ಹೋಯಿತು, ತಲೆ ಇದೆಯಲ್ಲ! ಅವನೆಲ್ಲಿದ್ದಾನೆ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಪೈಪು ಇನ್ನೂ ಅಲುಗುತ್ತಿತ್ತು. ಹಾಗಾದರೆ ನಮ್ಮ ನೆತ್ತಿಯ ಮೇಲೆ!

"ಗಾಳಿ ಬಿಡಿ ಸ್ವಾಮೀ. ಇರೋದಷ್ಟೂ, ಒಟ್ಟಿಗೇ!"

"ಒಟ್ಟಿಗೇ ಬಿಟ್ರೆ ಧಡ್ ಅಂತ ಏಳ್ತಾಳಮ್ಮ."

"ಅದೇ ಬೇಕು!"

ವಾಲ್ವ್ ತಿರುಗಿತು. ಬುಸ್ಸ್... ಡ್ರಮ್ಮುಗಳು ಗುಡುಗಿದವು. ಮೀನಾ ಎದ್ದಳು. ಸುಮ್ಮನೆ ಏಳಲಿಲ್ಲ, ಹಾರಿದಳು! ಮೇಲೆ ಏನೋ ಧೊಪ್ ಎಂದು ತಾಗಿತು, ಪಕ್ಕಕ್ಕೆ ಉರುಳಿತು. ಒಂದು ಕಿರುಚಾಟ. ಒಂದು ದೊಡ್ಡ ದುಬುಕ್!

ಮುಚ್ಚಳ ತೆಗೆದು ತಲೆ ಹೊರಹಾಕಿದೆ. ಬಿಸಿಲು. ಬೋರಲು ಬಿದ್ದ ಹರಿಗೋಲು. ಅದರ ಪಕ್ಕ ಎರಡು ಕೈ ನೀರು ಬಡಿಯುತ್ತಿದ್ದವು.

"ಅಯ್ಯೋ... ಈಜು ಬರಾಕಿಲ್ಲ... ಅವ್ವೋ..."

ಕೈಗಳು ಒಳಹೋದವು. ಗುಳ್ಳೆ ಬಂತು. ಅಷ್ಟೇ.

ನಗು ನನ್ನ ಬಾಯಿಯಲ್ಲೇ ಸತ್ತಿತು.

ಅರ್ಚಕರು ನನ್ನನ್ನು ಪಕ್ಕಕ್ಕೆ ಸರಿಸಿದರು. ಪಂಚೆ ಎತ್ತಿ ಕಟ್ಟಿದರು. ಒಂದು ಮಾತಿಲ್ಲ... ಧುಮುಕಿಬಿಟ್ಟರು! ನೀರು ಮುಚ್ಚಿಕೊಂಡಿತು. ನಾನು ಮೀನಾಳ ಬೆನ್ನಿನ ಮೇಲೆ ಬೋರಲಾಗಿ ಬಿದ್ದು, ಬಗ್ಗಿದ ಪೈಪನ್ನು ತಬ್ಬಿಕೊಂಡು, ಇಷ್ಟದೈವದ ಹೆಸರೆಲ್ಲ ಕರೆದೆ. 

ಆಮೇಲೆ ಒಂದು ಬೆಳ್ಳಿ ಜುಟ್ಟು ಮೇಲೆ ಬಂತು. ಅದರ ಕೈಯಲ್ಲಿ ಒಂದು ಮೀಸೆ.

"ಹಗ್ಗ ಕೊಡಮ್ಮ," ಏದುಸಿರಿನಲ್ಲಿ ಅಂದರು ಅರ್ಚಕರು. "ಹೊಳೆಗಿಂತ ಇಲ್ಲಿ ಆಳ ಜಾಸ್ತಿ."

ಮರಿಸಿದ್ದಯ್ಯ ಕೆಮ್ಮಿದ, ಕಕ್ಕಿದ, ಮೀನಾಳ ಪಕ್ಕೆಗೆ ಕರು ಹಸುವಿಗೆ ಅಂಟಿಕೊಂಡಂತೆ ಅಂಟಿಕೊಂಡ. ದಡ ಸೇರುವ ತನಕ ಬಿಡಲಿಲ್ಲ.

ದಡದಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು.

ತೇಜು ಪಿಕಪ್ ಹತ್ತಿ ಓಡಲು ನೋಡಿದ್ದ. ಗಾಡಿಜಾಡಿಗೆ ಅಡ್ಡವಾಗಿ ಒಂದು ಆಟೋ ನಿಂತಿತ್ತು. ಆಟೋದ ಮುಂದೆ ಸರಸಮ್ಮ. ಕೈಯಲ್ಲಿ ಕೊಡೆ.

"ತಗೀರಮ್ಮೋ ಗಾಡಿಯ!"

"ಮೀನಾ ಎಲ್ಲಿ? ಅದು ಹೇಳು ಮೊದಲು."

"ಯಾವ್ ಮೀನೂ ಇಲ್ಲ ಕಣಮ್ಮೋ! ನೀರೊಳಗೆ ಪೈಪಿನ ದೆವ್ವ ಐತೆ, ನಮ್ಮಣ್ಣನ್ನ ಎಳ್ಕೊಂಡೋಯ್ತು!"

"ನೆಟ್ಟಗೆ ನಿಂತು ಮಾತಾಡು. ಕೈ ಕಟ್ಟು!"

ತೇಜು ಕೈ ಕಟ್ಟಿದ! ಹೆಡ್‌ಮಿಸ್ಟ್ರೆಸ್ ಗಂಟಲು ಹಾಗಿರುತ್ತದೆ.

ಆಗ ನಾವು ಮೂವರು ದಡ ಹತ್ತಿದೆವು. ಸರಸಮ್ಮ ಮೊದಲು ಗಂಡನನ್ನು ನೋಡಿದರು. ಆಮೇಲೆ ನೆನೆದು ತೊಪ್ಪೆಯಾದ ನನ್ನನ್ನು. ಆಮೇಲೆ ಹೊಳೆಯುವ ಹಾಲಿನ ಟ್ಯಾಂಕನ್ನು.

"ಇವಳೇ ಕಣೇ ಮೀನಾ," ಅಂದರು ಅರ್ಚಕರು, ಪಂಚೆ ಹಿಂಡುತ್ತಾ. "ಕಣ್ಣು ಒಡೆದ್ಹೋಯ್ತು."

ಸರಸಮ್ಮ ಕೊಡೆ ಆಟೋದವನಿಗೆ ಕೊಟ್ಟು, ಸೀರೆ ಸೆರಗು ಸಿಕ್ಕಿಸಿ, ಮೀನಾಳ ಮುಚ್ಚಳದೊಳಗೆ ಇಳಿದರು. ಒಳಗಿಂದ ದನಿ ಬಂತು.

"ಏನು ವಾಸನೆ ಇದು! ಹಬ್ಬಕ್ಕೆ ಅಟ್ಟ ಗುಡಿಸಿ ಅಂದ್ರೆ ಸೊಂಟನೋವು. ಇದಕ್ಕೆ ನೋಡು, ಬೆಸುಗೆ ಎಷ್ಟು ನೀಟಾಗಿ ಹಾಕಿದಾರೆ..."

ಇನ್ನೂ ಸ್ವಲ್ಪ ಹೊತ್ತಾದ ಮೇಲೆ: "ರೀ... ಇದರಲ್ಲಿ ಎರಡನೇ ಸೀಟು ಯಾರಿಗೆ?"

ಅರ್ಚಕರು ನನ್ನತ್ತ ನೋಡಿದರು. ನಾನು ಆಕಾಶದತ್ತ ನೋಡಿದೆ.

"ನಿನಗೇ," ಅಂದರು. ಈ ಸಲ ಮರೆವು ಅಡ್ಡ ಬರಲಿಲ್ಲ.

ಪೊಲೀಸರು ಬಂದರು. ಮೆಮೊರಿ ಕಾರ್ಡಿನಲ್ಲಿ ಎಲ್ಲ ಸ್ಪಷ್ಟವಾಗಿತ್ತು, ಹೊಳ್ಳೆಯ ತನಕ! ಹಗ್ಗ ಎಳೆದ ಹಾಗೆಲ್ಲ ಮೋಟಾರುಗಳು ಮೇಲೆ ಬಂದವು. ಸುದ್ದಿ ಕೇಳಿ ಚಿಕ್ಕಮಾದಮ್ಮ ಬಸ್ಸು ಹಿಡಿದು ಬಂದರು. ತಮ್ಮ ಮೋಟಾರಿನ ಮೈ ಸವರಿ, ಕೆಂಪು ಅಕ್ಷರದ ಮೇಲೆ ಬೆರಳಾಡಿಸಿದರು. ಆಮೇಲೆ ಮರಿಸಿದ್ದಯ್ಯನ ಮುಂದೆ ಹೋಗಿ ನಿಂತರು.

"ನನ್ ಕೈಲಿ ಕಾಪಿ ಕುಡುದ್ಯಲ್ಲೋ," ಅಂದರು. "ಅದ್ಕೆ ಬೆಲ್ಲ ಬ್ಯಾರೆ ಜಾಸ್ತಿ ಆಕಿದ್ದೆ."

ಅಷ್ಟೇ ಅಂದದ್ದು. ಮರಿಸಿದ್ದಯ್ಯನ ತಲೆ ರಾಡು ಬಿದ್ದವನಂತೆ ಬಗ್ಗಿತು.

ಜೀಪು ಹತ್ತಿಸಿದಾಗ ಅವನು ನಡುಗುತ್ತಿದ್ದ. ಮೈಮೇಲೆ ಅರ್ಚಕರ ಒಣ ಅಂಗವಸ್ತ್ರ. ಕಿಟಕಿಯಿಂದ ನನ್ನನ್ನು ಕರೆದ.

"ಮೇಡಂ... ಮಾಡಿದ್ದು ತಪ್ಪಾಯ್ತು. ಇನ್ಮ್ಯಾಲೆ ನೀರು ಕಂಡ್ರೇ ಎದೆ ನಡುಗ್ತದೆ ಕಣ್ ಮೇಡಂ."

ದುಪಟ್ಟಾ ಹಿಂಡುತ್ತಾ ಹತ್ತಿರ ಹೋದೆ.

"ಹೆದರಬೇಡಿ ಮರಿಸಿದ್ದಯ್ಯನವರೇ... ನೀವು ಹೋಗೋ ಕಡೆ ನೀರನ್ನ ಬಕೆಟ್ಟಿನಲ್ಲಿ ಅಳೆದು ಕೊಡ್ತಾರೆ!"